ಕೈರಲ್ ವಿಶ್ಲೇಷಣೆ: ಮಾದರಿ ಸಿದ್ಧಪಡಿಸುವಾಗಲೇ ಅನುಪಾತ ಬದಲಾಗುತ್ತಿದೆಯೇ?

ಸಂಶೋಧನಾರ್ಥಿ:

ಎಲ್ಲರಿಗೂ ನಮಸ್ಕಾರ. ನಾನು ತಯಾರಿಸಿರುವ ಒಂದು ಸಂಯುಕ್ತದಲ್ಲಿ ಎರಡು ಪ್ರತಿಬಿಂಬ ರೂಪಗಳು, ಅಂದರೆ ಎನಾನ್ಷಿಯೋಮರುಗಳು, ಯಾವ ಅನುಪಾತದಲ್ಲಿವೆ ಎಂದು ತಿಳಿಯಲು ಮೂರು ವಾರಗಳಿಂದ ಪ್ರಯತ್ನಿಸುತ್ತಿದ್ದೇನೆ. ಪ್ರಶ್ನೆ ಒಂದೇ ಆದರೂ ನನ್ನ ಕೈಯಲ್ಲಿ ಮೂರು ಉತ್ತರಗಳಿವೆ. ಮೊದಲ ತಯಾರಿಕೆಯನ್ನು ಸಿಲಿಕಾ ಕಾಲಂನಲ್ಲಿ ಶುದ್ಧೀಕರಿಸಿ, ನಡುವಿನ ಟ್ಯೂಬುಗಳನ್ನಷ್ಟೇ ಒಟ್ಟುಗೂಡಿಸಿ ಅಂದೇ ಅಳೆದಾಗ ಎನಾನ್ಷಿಯೋಮರಿಕ್ ಆಧಿಕ್ಯ, ನಾವೆಲ್ಲ ಇ.ಇ. ಎಂದು ಕರೆಯುವ ಸಂಖ್ಯೆ (ಒಂದು ರೂಪ ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚಿದೆ ಎಂಬ ಲೆಕ್ಕ), ಶೇಕಡಾ 96 ಬಂತು. ಅದೇ ವಿಧಾನದಲ್ಲಿ ಮಾಡಿದ ಎರಡನೆಯ ತಯಾರಿಕೆಯಲ್ಲಿ ಎಲ್ಲ ಟ್ಯೂಬುಗಳನ್ನೂ ಸೇರಿಸಿದ್ದೆ. ಅದು 88 ಎಂದು ತೋರಿಸಿತು. ಆ ಎರಡನೆಯದರಲ್ಲಿ ಒಂದು ಭಾಗವನ್ನು ಸ್ಫಟಿಕೀಕರಿಸಿ, ಚೆನ್ನಾಗಿ ಬೆಳೆದಿದ್ದ ನಾಲ್ಕಾರು ಸೂಜಿಗಳನ್ನು ಆರಿಸಿ ಕರಗಿಸಿ ನೋಡಿದರೆ 99.

ಸಂಯುಕ್ತದ ವಿವರ ಹೀಗಿದೆ. ಕೀಟೋನ್ ಗುಂಪಿಗೆ ತಾಗಿರುವ ಇಂಗಾಲವೇ ಕೈರಲ್ ಕೇಂದ್ರ, ಅಂದರೆ ಎಡ ಮತ್ತು ಬಲ ರೂಪಗಳಿಗೆ ಕಾರಣವಾದ ಜಾಗ. ಅದರ ಮೇಲೆ ಒಂದು ಹೈಡ್ರೋಜನ್ ಮತ್ತು ಒಂದು ಬೆಂಜೀನ್ ಉಂಗುರ ಇವೆ. ಅಣುವಿನ ಇನ್ನೊಂದು ತುದಿಯಲ್ಲಿ ಅಮೈಡ್ ಗುಂಪಿದೆ. ಎಚ್‌ಪಿಎಲ್‌ಸಿಯಲ್ಲಿ (ದ್ರವವನ್ನು ಒತ್ತಡದಿಂದ ಕಾಲಂ ಮೂಲಕ ಹಾಯಿಸಿ ಬೇರ್ಪಡಿಸುವ ಉಪಕರಣ) ಅಮೈಲೋಸ್ ಕಾರ್ಬಮೇಟ್ ಲೇಪಿತ ಕಾಲಂ ಬಳಸುತ್ತಿದ್ದೇನೆ. ಮೊಬೈಲ್ ಫೇಸ್, ಅಂದರೆ ಕಾಲಂನಲ್ಲಿ ಹರಿಯುವ ದ್ರಾವಕ, ಹೆಕ್ಸೇನ್ ಮತ್ತು ಐಸೋಪ್ರೊಪನಾಲ್, ಜೊತೆಗೆ ಶೇಕಡಾ 0.1 ಡೈಈಥೈಲ್ ಅಮೀನ್. ಮಾದರಿಯನ್ನೂ ಅದೇ ಮೊಬೈಲ್ ಫೇಸ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಕರಗಿಸುತ್ತೇನೆ.

ನಮ್ಮ ಗುಂಪಿನಲ್ಲಿ ಎಲ್ಲರ ಅನುಮಾನವೂ ವೇಗವರ್ಧಕದ ಮೇಲಿದೆ. ನನಗೆ ಮಾತ್ರ ತಪ್ಪು ಕ್ರಿಯೆಯಲ್ಲಿಲ್ಲ, ಕ್ರಿಯೆ ಮುಗಿದ ನಂತರ ನಾನು ಮಾಡುತ್ತಿರುವ ಕೆಲಸದಲ್ಲಿದೆ ಎಂದು ಅನ್ನಿಸುತ್ತಿದೆ. ಮಾದರಿಯನ್ನು ಸಿದ್ಧಪಡಿಸುವ ಹಂತದಲ್ಲಿ ಇಷ್ಟು ವ್ಯತ್ಯಾಸ ಬರಲು ಸಾಧ್ಯವೇ?

ಹಿರಿಯ ವಿಶ್ಲೇಷಕ:

ಸಾಧ್ಯ. ನಿಮ್ಮ ಬರಹದಲ್ಲೇ ಕನಿಷ್ಠ ಮೂರು ಜಾಗಗಳಲ್ಲಿ ಅದಕ್ಕೆ ದಾರಿ ಕಾಣುತ್ತಿದೆ. ಆದರೆ ಊಹೆಗೆ ಇಳಿಯುವ ಮೊದಲು ಕೆಲವು ವಿಷಯಗಳನ್ನು ತಿಳಿಯಬೇಕು.

ಸಾಮಾನ್ಯ ವಿಶ್ಲೇಷಣೆಯಲ್ಲಿ ಮಾದರಿ ಸಿದ್ಧಪಡಿಸುವಾಗ ನಾವು ಚಿಂತಿಸುವುದು ಪದಾರ್ಥ ಎಷ್ಟು ನಷ್ಟವಾಯಿತು, ಹೊರಗಿನಿಂದ ಏನು ಸೇರಿತು ಎಂಬ ಬಗ್ಗೆ. ಕೈರಲ್ ವಿಶ್ಲೇಷಣೆಯಲ್ಲಿ ಚಿಂತೆಯ ಸ್ವರೂಪವೇ ಬೇರೆ. ಅರ್ಧ ಪದಾರ್ಥ ಚೆಲ್ಲಿಹೋದರೂ ಉಳಿದ ಅರ್ಧದಲ್ಲಿ ಎರಡು ರೂಪಗಳ ಅನುಪಾತ ಮೊದಲಿನಂತೆಯೇ ಇದ್ದರೆ ಉತ್ತರ ಸರಿಯಾಗಿಯೇ ಬರುತ್ತದೆ. ಒಂದು ಹನಿಯೂ ನಷ್ಟವಾಗದೆ ಅನುಪಾತ ಮಾತ್ರ ಕದಲಿದರೆ ಉತ್ತರ ತಪ್ಪು, ಮತ್ತು ಆ ತಪ್ಪನ್ನು ತೂಕವಾಗಲಿ, ಅಣುವಿನ ರಚನೆ ತೋರಿಸುವ ಸಾಮಾನ್ಯ ಎನ್‌ಎಂಆರ್ ಚಿತ್ರವಾಗಲಿ ಎತ್ತಿ ಹೇಳುವುದಿಲ್ಲ. ಎನಾನ್ಷಿಯೋಮರುಗಳು ಕೈರಲ್ ಅಲ್ಲದ ಯಾವ ಪರಿಸರದಲ್ಲಿಯೂ ಒಂದರಂತೆ ಇನ್ನೊಂದು ವರ್ತಿಸುವುದರಿಂದ, ಬದಲಾವಣೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಈಗ ಪ್ರಶ್ನೆಗಳು. 88 ಬಂದ ಮಾದರಿಯನ್ನು ಕರಗಿಸಿದ ಮೇಲೆ ಎಷ್ಟು ಹೊತ್ತಿಗೆ ಉಪಕರಣಕ್ಕೆ ಚುಚ್ಚಿದಿರಿ? ಕ್ರೊಮ್ಯಾಟೋಗ್ರಾಮಿನಲ್ಲಿ (ಕಾಲಂನಿಂದ ಹೊರಬರುವುದನ್ನು ಕಾಲಕ್ರಮದಲ್ಲಿ ತೋರಿಸುವ ಗೆರೆಚಿತ್ರದಲ್ಲಿ) ಎರಡು ಪೀಕುಗಳ ನಡುವೆ ಬೇಸ್‌ಲೈನ್ ಸಂಪೂರ್ಣ ಕೆಳಗಿಳಿಯುತ್ತದೆಯೇ, ಇಲ್ಲವೇ ಸೇತುವೆಯಂತೆ ಸ್ವಲ್ಪ ಎತ್ತರದಲ್ಲಿಯೇ ಉಳಿಯುತ್ತದೆಯೇ? ಸಂಯುಕ್ತ ಪ್ರತ್ಯಾಮ್ಲವಲ್ಲದಿದ್ದರೂ ಡೈಈಥೈಲ್ ಅಮೀನ್ ಏಕೆ ಸೇರಿಸಿದ್ದೀರಿ? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬಳಿ ರೆಸಿಮೇಟ್, ಅಂದರೆ ಎರಡು ರೂಪಗಳೂ ಸಮಪಾಲಿರುವ ಮಿಶ್ರಣ, ಇದೆಯೇ?

ಸಂಶೋಧನಾರ್ಥಿ:

88 ಬಂದ ಮಾದರಿಯನ್ನು ವಾರದ ಕೊನೆಯ ದಿನ ಸಂಜೆ ಕರಗಿಸಿ ಆಟೋಸ್ಯಾಂಪ್ಲರಿನಲ್ಲಿ ಸರದಿಗೆ ಇಟ್ಟಿದ್ದೆ. ಉಪಕರಣದಲ್ಲಿ ಬೇರೆಯವರ ಕೆಲಸ ನಡೆಯುತ್ತಿದ್ದುದರಿಂದ ಅದು ಓಡಿದ್ದು ಸುಮಾರು ಎರಡು ದಿನಗಳ ನಂತರ. ಆಟೋಸ್ಯಾಂಪ್ಲರಿಗೆ ತಂಪುಗೊಳಿಸುವ ವ್ಯವಸ್ಥೆ ಇಲ್ಲ. ಪೀಕುಗಳ ನಡುವೆ ಬೇಸ್‌ಲೈನ್ ಸ್ವಚ್ಛವಾಗಿ ಕೆಳಗಿಳಿಯುತ್ತದೆ, ಸೇತುವೆ ಇಲ್ಲ. ಅಮೀನ್ ಸೇರಿಸಿದ್ದಕ್ಕೆ ವಿಶೇಷ ಕಾರಣವಿಲ್ಲ. ಆ ಕಾಲಂಗೆ ಹಿಂದಿನವರು ಬರೆದಿಟ್ಟಿದ್ದ ವಿಧಾನದಲ್ಲಿ ಅದಿತ್ತು, ನಾನು ಮುಂದುವರಿಸಿದೆ. ರೆಸಿಮೇಟ್ ಇಲ್ಲ. ಚಿಕ್ಕ ಪೀಕನ್ನು ಇನ್ನೊಂದು ಎನಾನ್ಷಿಯೋಮರ್ ಎಂದು ಭಾವಿಸಿ ಲೆಕ್ಕ ಹಾಕಿದ್ದೇನೆ.

ಹಿರಿಯ ವಿಶ್ಲೇಷಕ:

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇಲ್ಲದೆ ಉಳಿದದ್ದಕ್ಕೆ ಬೆಲೆಯಿಲ್ಲ. ರೆಸಿಮೇಟ್ ಓಡಿಸದೆ ಬಂದ ಇ.ಇ.ಯನ್ನು ನಾನು ಸಂಖ್ಯೆ ಎಂದು ಪರಿಗಣಿಸುವುದಿಲ್ಲ. ಆ ಚಿಕ್ಕ ಪೀಕ್ ಒಂದು ಕಲ್ಮಶವಾಗಿರಬಹುದು. ನಿಜವಾದ ಎರಡನೆಯ ಎನಾನ್ಷಿಯೋಮರ್ ದೊಡ್ಡ ಪೀಕಿನ ಬಾಲದಡಿ ಅಡಗಿರಬಹುದು. ರೆಸಿಮೇಟ್ ಎರಡು ಸಮಾನ ವಿಸ್ತೀರ್ಣದ ಪೀಕುಗಳನ್ನು ಕೊಟ್ಟಾಗ ಮಾತ್ರ ಯಾವುದು ಎಲ್ಲಿದೆ ಎಂಬುದು ಖಚಿತವಾಗುತ್ತದೆ. ಎರಡು ರೂಪಗಳೂ ನೇರಳಾತೀತ ಬೆಳಕನ್ನು ಒಂದೇ ಪ್ರಮಾಣದಲ್ಲಿ ಹೀರುವುದರಿಂದ ಅಲ್ಲಿ ತಿದ್ದುಪಡಿಯ ಪ್ರಶ್ನೆಯೂ ಇಲ್ಲ. 50ಕ್ಕೆ 50 ಬರಲೇಬೇಕು. ಬರದಿದ್ದರೆ ಒಂದರ ಕೆಳಗೆ ಬೇರೇನೋ ಸೇರಿಕೊಂಡಿದೆ.

ರೆಸಿಮೇಟ್ ತಯಾರಿಸಲು ನಿಮಗೆ ಹೊಸ ಸಂಶ್ಲೇಷಣೆ ಬೇಕಾಗಿಲ್ಲ. ಕೀಟೋನಿಗೆ ತಾಗಿದ ಇಂಗಾಲದ ಮೇಲಿನ ಹೈಡ್ರೋಜನ್ ಸ್ವಲ್ಪ ಆಮ್ಲೀಯ. ಪ್ರತ್ಯಾಮ್ಲ ಅದನ್ನು ಕಿತ್ತರೆ ಅಣು ಸಮತಟ್ಟಾದ ಈನಾಲೇಟ್ ಆಗುತ್ತದೆ, ಹೈಡ್ರೋಜನ್ ಹಿಂತಿರುಗುವಾಗ ಯಾವ ಮುಖದಿಂದ ಬೇಕಾದರೂ ಸೇರಬಹುದು. ಬೆಂಜೀನ್ ಉಂಗುರ ಈನಾಲೇಟಿಗೆ ಇನ್ನಷ್ಟು ಆಸರೆ ಕೊಡುವುದರಿಂದ ನಿಮ್ಮ ಸಂಯುಕ್ತದಲ್ಲಿ ಇದು ಮತ್ತೂ ಸುಲಭ. ಕೆಲವು ಮಿಲಿಗ್ರಾಂಗಳನ್ನು ಬಲವಾದ ಪ್ರತ್ಯಾಮ್ಲದೊಂದಿಗೆ ಒಂದು ರಾತ್ರಿ ಕಲಕಿ, ಅಣು ಒಡೆದಿಲ್ಲ ಎಂದು ಎನ್‌ಎಂಆರ್‌ನಲ್ಲಿ ಖಚಿತಪಡಿಸಿಕೊಂಡು ಬಳಸಿ.

ಈ ರೆಸಿಮೇಟ್ ತಯಾರಿಕೆ ಯಾವ ಕಾರಣಕ್ಕೆ ಸುಲಭವೋ ಅದೇ ಕಾರಣಕ್ಕೆ ನಿಮ್ಮ ಮಾದರಿ ಕೆಟ್ಟಿದೆ ಎಂಬುದು ನನ್ನ ಬಲವಾದ ಅನುಮಾನ. ಡೈಈಥೈಲ್ ಅಮೀನ್ ದುರ್ಬಲ ಪ್ರಮಾಣದಲ್ಲಿದ್ದರೂ ಎರಡು ದಿನಗಳ ಕಾಲ ವಯಲಿನಲ್ಲಿ (ಮಾದರಿಯ ಪುಟ್ಟ ಸೀಸೆಯಲ್ಲಿ) ಅಣುವಿನ ಜೊತೆಗಿತ್ತು. ಬೇಸ್‌ಲೈನ್ ಸ್ವಚ್ಛವಾಗಿರುವುದು ಇಲ್ಲಿ ಒಳ್ಳೆಯ ಸುಳಿವು. ರೂಪಾಂತರ ಕಾಲಂನ ಒಳಗೆ ನಡೆಯುತ್ತಿದ್ದರೆ, ಅರ್ಧದಾರಿಯಲ್ಲಿ ರೂಪ ಬದಲಿಸಿದ ಅಣುಗಳು ಎರಡು ಪೀಕುಗಳ ನಡುವಿನ ಹೊತ್ತಿನಲ್ಲಿ ಹೊರಬಂದು ಅಲ್ಲೊಂದು ದಿಬ್ಬ ಕಾಣುತ್ತಿತ್ತು. ಆಗ ಕಾಲಂನ ಉಷ್ಣತೆ ಇಳಿಸಬೇಕಾಗುತ್ತಿತ್ತು. ದಿಬ್ಬವಿಲ್ಲದೆ ಇ.ಇ. ಮಾತ್ರ ಕುಸಿದಿದೆ ಎಂದರೆ, ಬದಲಾವಣೆ ಚುಚ್ಚುವ ಮೊದಲೇ ನಡೆದಿದೆ. ಪರೀಕ್ಷೆ ಸರಳ: ಎರಡನೆಯ ತಯಾರಿಕೆಯ ಘನ ಪದಾರ್ಥವನ್ನು ಅಮೀನ್ ಇಲ್ಲದ ದ್ರಾವಕದಲ್ಲಿ ಹೊಸದಾಗಿ ಕರಗಿಸಿ ತಕ್ಷಣ ಓಡಿಸಿ. ಇನ್ನೊಂದು ವಯಲಿನಲ್ಲಿ ಅಮೀನ್ ಸಹಿತ ಕರಗಿಸಿ 0, 24, 48 ಗಂಟೆಗಳಲ್ಲಿ ಓಡಿಸಿ. ರೆಸಿಮೀಕರಣವಾಗಿದ್ದರೆ ಇ.ಇ.ಯ ಲಾಗರಿಥಮ್ ಕಾಲದೊಂದಿಗೆ ಸರಳರೇಖೆಯಲ್ಲಿ ಇಳಿಯಬೇಕು.

ಒಂದು ಎಚ್ಚರಿಕೆ. ನಿಮ್ಮ ಅಮೈಲೋಸಿನಂಥ ಪಾಲಿಸ್ಯಾಕರೈಡ್ ಕಾಲಂಗಳಿಗೆ ನೆನಪಿನ ಶಕ್ತಿಯಿದೆ. ಮೊಬೈಲ್ ಫೇಸ್‌ನಿಂದ ಅಮೀನನ್ನು ತೆಗೆದ ಮೇಲೂ ಅದು ಬಹಳ ಹೊತ್ತು ಒಳಗೇ ಉಳಿದು ಪ್ರಭಾವ ಬೀರುತ್ತದೆ. ಸಾಕಷ್ಟು ತೊಳೆಯಿರಿ, ಸಾಧ್ಯವಾದರೆ ಅಮೀನ್ ಕಾಣದ ಕಾಲಂ ಬಳಸಿ.

ಹೊಸ ಸದಸ್ಯ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಕಾಲಂ ಮೇಲೆ ಇಷ್ಟೊಂದು ಅನುಮಾನವಿದ್ದರೆ ಪೋಲಾರಿಮೀಟರಿನಲ್ಲಿ ಬೆಳಕಿನ ತಿರುಗುವಿಕೆಯನ್ನು ಅಳೆದು ಶುದ್ಧತೆಯನ್ನು ಲೆಕ್ಕಹಾಕಬಾರದೇ? ಅದರಲ್ಲಿ ಮಾದರಿ ಸಿದ್ಧತೆಯ ತೊಡಕೇ ಇಲ್ಲವಲ್ಲ.

ಸ್ಫಟಿಕ ಕೆಲಸದವಳು:

ತೊಡಕು ಅಲ್ಲಿಯೂ ಇದೆ. ತಿರುಗುವಿಕೆ ದ್ರಾವಕ, ಉಷ್ಣತೆ, ಸಾಂದ್ರತೆ ಎಲ್ಲವನ್ನೂ ಅವಲಂಬಿಸುತ್ತದೆ. ಕೈರಲ್ ಕಲ್ಮಶ ಚೂರು ಉಳಿದಿದ್ದರೂ ಸಂಖ್ಯೆ ವಾಲುತ್ತದೆ. ಅದಕ್ಕಿಂತ ಗಂಭೀರವಾದ ವಿಷಯವನ್ನು 1969ರಲ್ಲಿ ಹೋರೋ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿದರು. ಕೆಲವು ಸಂಯುಕ್ತಗಳಲ್ಲಿ ಅಣುಗಳು ದ್ರಾವಣದಲ್ಲಿಯೇ ಜೋಡಿ ಕಟ್ಟಿಕೊಳ್ಳುವುದರಿಂದ ತಿರುಗುವಿಕೆ ಇ.ಇ.ಗೆ ನೇರ ಅನುಪಾತದಲ್ಲಿ ಇರುವುದೇ ಇಲ್ಲ. ಅಮೈಡ್ ಗುಂಪಿರುವ ಅಣುವಿನಲ್ಲಿ, ಹೈಡ್ರೋಜನ್ ಬಂಧಗಳಿಗೆ ಅಡ್ಡಿಮಾಡದ ದ್ರಾವಕದಲ್ಲಿ, ನಾನು ಆ ಅಪಾಯವನ್ನು ತೆಗೆದುಕೊಳ್ಳಲಾರೆ.

ಆದರೆ ಅಣುಗಳು ಜೋಡಿ ಕಟ್ಟುವ ಈ ಮಾತು ಮೂಲ ಪ್ರಶ್ನೆಗೂ ಸೇರುತ್ತದೆ. ಒಂದೇ ಕೈಯ ಎರಡು ಅಣುಗಳ ಜೋಡಿ ಮತ್ತು ಎಡಬಲ ಕೈಗಳ ಜೋಡಿ ಪರಸ್ಪರ ಪ್ರತಿಬಿಂಬಗಳಲ್ಲ. ಅವು ಡಯಾಸ್ಟೀರಿಯೋಮರುಗಳು, ಆದ್ದರಿಂದ ಸಾಮಾನ್ಯ ಸಿಲಿಕಾ ಕೂಡ ಅವುಗಳನ್ನು ಬೇರೆಬೇರೆಯಾಗಿ ಹಿಡಿಯಬಲ್ಲದು. ಮಾದರಿ ಪೂರ್ಣ ಶುದ್ಧವೂ ಅಲ್ಲದೆ ಪೂರ್ಣ ರೆಸಿಮಿಕ್ಕೂ ಅಲ್ಲದೆ ನಡುವೆ ಎಲ್ಲೋ ಇದ್ದಾಗ, ಕೈರಲ್ ಅಲ್ಲದ ಕಾಲಂನಿಂದ ಮೊದಲು ಹೊರಬರುವ ಭಾಗದ ಇ.ಇ. ಒಂದು, ಕೊನೆಯ ಭಾಗದ್ದು ಇನ್ನೊಂದು ಆಗುತ್ತದೆ. ಇದನ್ನು ಎನಾನ್ಷಿಯೋಮರುಗಳ ಸ್ವಯಂ ಅಸಮವಿಭಜನೆ ಎನ್ನುತ್ತಾರೆ. ವಿಕಿರಣಶೀಲ ಇಂಗಾಲದ ಗುರುತುಳ್ಳ ನಿಕೋಟಿನ್ ಬಳಸಿ 1983ರಲ್ಲಿ ಇದನ್ನು ಕ್ರೊಮ್ಯಾಟೋಗ್ರಫಿಯಲ್ಲಿ ಗಮನಿಸಲಾಯಿತು. ಅಷ್ಟಾದರೂ ನಡುವಿನ ಟ್ಯೂಬುಗಳನ್ನು ಮಾತ್ರ ಇಟ್ಟುಕೊಂಡು ಅಂಚಿನವನ್ನು ಚೆಲ್ಲುವ ಅಭ್ಯಾಸ ಇಂದಿಗೂ ಹೋಗಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಹಾಗೆ ಸಿಕ್ಕಿದ ಸಂಖ್ಯೆಯನ್ನು ವೇಗವರ್ಧಕದ ಗುಣವೆಂದು ನಂಬಿ ಮುಂದಿನವರು ವರ್ಷಗಟ್ಟಲೆ ದುಡಿಯುತ್ತಾರೆ. ನಿಮ್ಮ 96ರ ಬಗ್ಗೆ ನನ್ನ ಅನುಮಾನ ಇದೇ.

99ರ ಬಗ್ಗೆ ಅನುಮಾನವೇ ಇಲ್ಲ. ಪ್ಯಾಶ್ಚರ್ 1848ರಲ್ಲಿ ಸೋಡಿಯಂ ಅಮೋನಿಯಂ ಟಾರ್ಟ್ರೇಟಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಎಡ ಮತ್ತು ಬಲ ರೂಪಗಳನ್ನು ಬೇರ್ಪಡಿಸಿದರು. ಚೆನ್ನಾದ ಸೂಜಿಗಳನ್ನು ಆರಿಸುವಾಗ ನೀವು ಮಾಡಿದ್ದು ಅದರ ದೂರದ ಸಂಬಂಧಿ. ಬಹುಪಾಲು ರೆಸಿಮೇಟುಗಳು ಟಾರ್ಟ್ರೇಟಿನಂತೆ ಪ್ರತ್ಯೇಕ ಹರಳುಗಳಾಗದೆ, ಎರಡೂ ರೂಪಗಳು ಒಂದೇ ಜಾಲಕದಲ್ಲಿ ಕೂರುವ ರೆಸಿಮಿಕ್ ಸಂಯುಕ್ತಗಳಾಗುತ್ತವೆ ಎಂಬುದು ನಿಜ. ಆದರೂ ಇಷ್ಟು ಹೆಚ್ಚಿನ ಇ.ಇ. ಇರುವ ದ್ರಾವಣದಿಂದ ಸಾಮಾನ್ಯವಾಗಿ ಮೊದಲು ಇಳಿಯುವುದು ಅಧಿಕವಾಗಿರುವ ರೂಪದ ಶುದ್ಧ ಹರಳು, ಉಳಿದ ರೂಪ ತಾಯಿದ್ರಾವಣದಲ್ಲಿ, ಅಂದರೆ ಹರಳು ಇಳಿದ ಮೇಲೆ ಉಳಿಯುವ ದ್ರವದಲ್ಲಿ, ಶೇಖರವಾಗುತ್ತದೆ. ಸೂಜಿಗಳ 99 ಸೂಜಿಗಳಿಗಷ್ಟೇ ಸೇರಿದ್ದು, ತಯಾರಿಕೆಗಲ್ಲ. ಘನ ಮಾದರಿಯನ್ನು ವಿಶ್ಲೇಷಿಸುವಾಗ ಒಂದೆರಡು ಹರಳು ಚಿವುಟಿ ತೆಗೆಯದೆ ಇಡೀ ಪದಾರ್ಥವನ್ನು ಕರಗಿಸಿ, ಆ ಏಕರೂಪದ ದ್ರಾವಣದಿಂದ ಅಂಶವನ್ನು ತೆಗೆಯಬೇಕು. ಪ್ರಮಾಣ ಹೆಚ್ಚಿದ್ದು ಕರಗಿಸಲಾಗದಿದ್ದರೆ ನುಣ್ಣಗೆ ಅರೆದು ಚೆನ್ನಾಗಿ ಬೆರೆಸಿ. ಪಾತ್ರೆಯ ಗೋಡೆಗೆ ಅಂಟಿದ ತೆಳು ಪದರವನ್ನೂ ಬಿಡಬೇಡಿ, ಅದರ ಇ.ಇ. ತಳದ ಹರಳಿನದೇ ಆಗಿರಬೇಕೆಂದಿಲ್ಲ. ತೀವ್ರ ನಿರ್ವಾತದಲ್ಲಿ ಒಣಗಿಸುವಾಗಲೂ ಯೋಚಿಸಿ. ಉತ್ಪತನಗೊಳ್ಳುವ ಸಂಯುಕ್ತಗಳಲ್ಲಿ ರೆಸಿಮಿಕ್ ಹರಳು ಮತ್ತು ಶುದ್ಧ ಹರಳು ಬೇರೆಬೇರೆ ವೇಗದಲ್ಲಿ ಆವಿಯಾಗುತ್ತವೆ.

ಕಾಲಂ ಉಸ್ತುವಾರಿ:

ನಾನು ಉಪಕರಣಗಳ ಕೋಣೆಯ ಕಡೆಯಿಂದ ಮಾತನಾಡುತ್ತೇನೆ. ಮೂಲ ಪ್ರಶ್ನೆ ಕೇಳಿದವರು ಮಾದರಿಯನ್ನು ಮೊಬೈಲ್ ಫೇಸ್‌ನಲ್ಲಿ ಕರಗಿಸುತ್ತಿರುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಬಾರದು. ಲೇಪಿತ ಕಾಲಂನಲ್ಲಿ ಸೆಲ್ಯುಲೋಸ್ ಅಥವಾ ಅಮೈಲೋಸ್ ಪಾಲಿಮರ್ ಸಿಲಿಕಾಗೆ ಬಂಧಿತವಾಗಿರುವುದಿಲ್ಲ, ಮೇಲೆ ಬಳಿದಿರುತ್ತದೆ ಅಷ್ಟೇ. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್, ಅಸಿಟೋನ್, ಟೆಟ್ರಾಹೈಡ್ರೋಫ್ಯುರಾನ್, ಡೈಮೀಥೈಲ್ ಸಲ್ಫಾಕ್ಸೈಡ್ ಮುಂತಾದವು ಆ ಪಾಲಿಮರನ್ನು ಕರಗಿಸುತ್ತವೆ ಅಥವಾ ಉಬ್ಬಿಸುತ್ತವೆ. ಮೊಬೈಲ್ ಫೇಸ್‌ನಲ್ಲಿ ಇವನ್ನು ಬಳಸಬಾರದೆಂಬುದು ಎಲ್ಲರಿಗೂ ಗೊತ್ತು. ಆದರೆ ಮಾದರಿಯ ಮೂಲಕ ಇವು ಒಳಗೆ ಬರುವುದನ್ನು ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಪ್ರಯೋಗಾಲಯದಲ್ಲಿ ಎನ್‌ಎಂಆರ್ ಟ್ಯೂಬಿನಿಂದ ನೇರವಾಗಿ ಕ್ಲೋರೋಫಾರ್ಮ್ ದ್ರಾವಣವನ್ನೇ ತೆಗೆದು ದಿನವಿಡೀ ಚುಚ್ಚಿದ್ದರಿಂದ ಒಳ್ಳೆಯದೊಂದು ಕಾಲಂ ಹಾಳಾದದ್ದನ್ನು ನಾನೇ ನೋಡಿದ್ದೇನೆ. ಸಿಲಿಕಾ ಕಾಲಂನಿಂದ ಬಂದ ಮಾದರಿಯಲ್ಲಿ ಉಳಿದ ಈಥೈಲ್ ಅಸಿಟೇಟನ್ನು ಸಂಪೂರ್ಣ ಆರಿಸಿ, ಸ್ವಲ್ಪ ಐಸೋಪ್ರೊಪನಾಲ್ ಸೇರಿಸಿ ಮತ್ತೊಮ್ಮೆ ಆರಿಸಿದರೆ ಅಪಾಯ ಬಹುಪಾಲು ತಪ್ಪುತ್ತದೆ. ಪಾಲಿಮರನ್ನು ಸಿಲಿಕಾಗೆ ರಾಸಾಯನಿಕವಾಗಿ ಕಟ್ಟಿಹಾಕಿದ ಕಾಲಂಗಳಲ್ಲಿ ಈ ಭಯವಿಲ್ಲ.

ಹೆಕ್ಸೇನ್ ಹೆಚ್ಚಿರುವ ಮೊಬೈಲ್ ಫೇಸ್‌ನಲ್ಲಿ ಕರಗದ ಮಾದರಿಯನ್ನು ಮೊದಲು ಅಲ್ಪ ಎಥನಾಲಿನಲ್ಲಿ ಕರಗಿಸಿ ನಂತರ ಹೆಕ್ಸೇನ್ ಸೇರಿಸಬೇಕು. ಮಸುಕಾದರೆ ಅಲ್ಲಿಗೇ ನಿಲ್ಲಿಸಿ. ಇಲ್ಲಿ ಸೋಸುವ ಮೊದಲು ಒಂದು ಕ್ಷಣ ನಿಲ್ಲಬೇಕು: ಆ ಮಸುಕು ನಿಮ್ಮ ಸಂಯುಕ್ತವೇ ಆಗಿದ್ದರೆ, ಸೋಸುಗದ ಮೇಲೆ ಉಳಿಯುವ ಭಾಗದ ಇ.ಇ. ಮತ್ತು ಕೆಳಗಿಳಿಯುವ ಭಾಗದ ಇ.ಇ. ಒಂದೇ ಆಗಿರುವುದಿಲ್ಲ, ಸ್ಫಟಿಕಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯಿಸುತ್ತದೆ. ಪೂರ್ಣ ಕರಗಿದ ದ್ರಾವಣವನ್ನು ಧೂಳಿಗಾಗಿ 0.45 ಅಥವಾ 0.2 ಮೈಕ್ರಾನ್ ಟೆಫ್ಲಾನ್ ಸೋಸುಗದಲ್ಲಿ ಹಾಯಿಸುವುದು ಬೇರೆ ವಿಷಯ, ಅದು ಬೇಕೇ ಬೇಕು.

ಅಮೀನುಗಳ ಹೈಡ್ರೋಕ್ಲೋರೈಡ್ ಲವಣಗಳು ಹೆಕ್ಸೇನಿನಲ್ಲಿ ಕರಗುವುದಿಲ್ಲ. ಅವನ್ನು ಕಾರ್ಬೊನೇಟಿನಿಂದ ಮುಕ್ತ ಪ್ರತ್ಯಾಮ್ಲವಾಗಿಸಿ ಚುಚ್ಚಬೇಕು. ಆ ಕೆಲಸದಲ್ಲಿ ಅಣುವಿನ ಕೈರಲ್ ಕೇಂದ್ರ ಪ್ರತ್ಯಾಮ್ಲಕ್ಕೆ ತಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಎಸ್ಟರುಗಳನ್ನು ಮೆಥನಾಲಿನಲ್ಲಿ ದಿನಗಟ್ಟಲೆ ಇಡಬೇಡಿ.

ಇನ್ನು ಸಾಂದ್ರತೆ. ಶೇಕಡಾ ಅರ್ಧದಷ್ಟಿರುವ ಚಿಕ್ಕ ರೂಪವನ್ನು ಕಾಣಲು ಮಾದರಿಯನ್ನು ಗಟ್ಟಿಯಾಗಿಸಲೇಬೇಕು, ಆದರೆ ಗಟ್ಟಿಯಾದಂತೆ ದೊಡ್ಡ ಪೀಕ್ ಬಾಲ ಬಿಟ್ಟು ಪಕ್ಕದ ಚಿಕ್ಕದನ್ನು ನುಂಗುತ್ತದೆ. ಚಿಕ್ಕದು ಮೊದಲು ಹೊರಬರುವಂತಹ ಕಾಲಂ ಸಿಕ್ಕರೆ ಈ ಕಷ್ಟ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಪೆಪ್ಟೈಡ್ ಕೆಲಸದವನು:

ನನ್ನ ಕ್ಷೇತ್ರದಲ್ಲಿ ಮಾದರಿ ಸಿದ್ಧತೆಯೇ ರೆಸಿಮೀಕರಣದ ಮೂಲ, ಅದನ್ನು ತಪ್ಪಿಸಲು ಸಾಧ್ಯವೇ ಇಲ್ಲ ಎಂಬ ಪರಿಸ್ಥಿತಿ ಇದೆ. ಅಮೈನೋ ಆಮ್ಲಗಳ ಸರಪಳಿಯಾದ ಪೆಪ್ಟೈಡಿನಲ್ಲಿ, ಸಾಮಾನ್ಯ ಎಲ್ ರೂಪದ ಪ್ರತಿಬಿಂಬವಾದ ಡಿ ಅಮೈನೋ ಆಮ್ಲ ಎಷ್ಟಿದೆ ಎಂದು ತಿಳಿಯಲು ಅದನ್ನು 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಕುದಿಸುತ್ತೇವೆ, ಆ ಕುದಿತದಲ್ಲಿಯೇ ಎಲ್ ರೂಪದ ಒಂದಂಶ ಡಿ ಆಗುತ್ತದೆ. ಆಸ್ಪಾರ್ಟಿಕ್ ಆಮ್ಲ ಇದರಲ್ಲಿ ಮುಂದು. ಥ್ರಿಯೋನಿನ್‌ನಲ್ಲಿ ಎರಡು ಕೈರಲ್ ಕೇಂದ್ರಗಳಿರುವುದರಿಂದ ಒಂದೇ ಕೇಂದ್ರ ತಿರುಗಿದಾಗ ಸಿಗುವುದು ಅಲೋಥ್ರಿಯೋನಿನ್ ಎಂಬ ಡಯಾಸ್ಟೀರಿಯೋಮರ್.

ತಪ್ಪಿಸಲಾಗದ್ದನ್ನು ಗುರುತಿಸುವ ಉಪಾಯವಿದೆ. ಸಾಮಾನ್ಯ ಆಮ್ಲದ ಬದಲು ಭಾರಜಲದಲ್ಲಿ ಕರಗಿಸಿದ ಡ್ಯೂಟೀರಿಯಂ ಕ್ಲೋರೈಡಿನಲ್ಲಿ ಕುದಿಸಿದರೆ, ಕುದಿತದ ವೇಳೆ ರೂಪ ಬದಲಿಸಿದ ಪ್ರತಿ ಅಣುವಿನ ಆಲ್ಫಾ ಇಂಗಾಲಕ್ಕೂ ಹೈಡ್ರೋಜನ್ ಬದಲು ಡ್ಯೂಟೀರಿಯಂ ಸೇರಿ ಅದರ ರಾಶಿ 1 ಮಾನ ಹೆಚ್ಚುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮೂಲ ರಾಶಿಯಲ್ಲೇ ಕಾಣುವ ಡಿ ರೂಪ ಪೆಪ್ಟೈಡಿನಲ್ಲಿ ಮೊದಲೇ ಇದ್ದದ್ದು. ಭಾರವಾದದ್ದು ನಾವು ಮಾಡಿದ್ದು. ವಿಶ್ಲೇಷಣಾ ರಸಾಯನಶಾಸ್ತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಆಮೇಲೆ ವ್ಯುತ್ಪನ್ನ ತಯಾರಿಕೆ, ಅಂದರೆ ಕೈರಲ್ ಕಾರಕವೊಂದನ್ನು ಜೋಡಿಸಿ ಎರಡು ಪ್ರತಿಬಿಂಬ ರೂಪಗಳನ್ನು ಡಯಾಸ್ಟೀರಿಯೋಮರುಗಳಾಗಿಸುವುದು. 1984ರಲ್ಲಿ ಪ್ರಕಟವಾದ ಮಾರ್ಫೆ ಕಾರಕವನ್ನು ಬೈಕಾರ್ಬೊನೇಟಿನೊಂದಿಗೆ 40 ಡಿಗ್ರಿಯಲ್ಲಿ ಒಂದು ಗಂಟೆ, ಬೆಳಕು ತಾಗದಂತೆ ಇಟ್ಟು, ಕೊನೆಗೆ ಆಮ್ಲ ಹಾಕಿ ನಿಲ್ಲಿಸುತ್ತೇವೆ. ಡಯಾಸ್ಟೀರಿಯೋಮರುಗಳಾದ ಮೇಲೆ ಕೈರಲ್ ಅಲ್ಲದ ಸಾಧಾರಣ ಸಿ-18 ಕಾಲಂ ಸಾಕು. ಈ ದಾರಿ ಹಿಡಿಯುವವರು ಮೂರು ಮಾತುಗಳನ್ನು ಮರೆಯಬಾರದು. ಕಾರಕ ಎಷ್ಟು ಶುದ್ಧವೋ ಉತ್ತರ ಅಷ್ಟೇ ಶುದ್ಧ: ಕಾರಕದಲ್ಲಿ ಶೇಕಡಾ 1 ವಿರುದ್ಧ ರೂಪವಿದ್ದರೆ, ಸಂಪೂರ್ಣ ಶುದ್ಧವಾದ ಮಾದರಿಯೂ ಶೇಕಡಾ 1 ಅಶುದ್ಧವೆಂದು ತೋರುತ್ತದೆ, ಏಕೆಂದರೆ ಆ ಉತ್ಪನ್ನ ನಾವು ಹುಡುಕುವ ಉತ್ಪನ್ನದ ಪ್ರತಿಬಿಂಬ, ಸಿ-18 ಅವೆರಡನ್ನು ಬೇರ್ಪಡಿಸಲಾರದು. ಕಾರಕ ಧಾರಾಳವಾಗಿರಬೇಕು, ಕ್ರಿಯೆ ಪೂರ್ಣಗೊಳ್ಳಬೇಕು. ಇಲ್ಲದಿದ್ದರೆ ವೇಗವಾಗಿ ವರ್ತಿಸುವ ರೂಪ ಹೆಚ್ಚು ಪರಿವರ್ತನೆಯಾಗಿ ಅನುಪಾತ ಕದಲುತ್ತದೆ. ಮತ್ತು ಉತ್ಪನ್ನಗಳು ಈಗ ಡಯಾಸ್ಟೀರಿಯೋಮರುಗಳಾದ್ದರಿಂದ ಅವು ಬೆಳಕನ್ನು ಒಂದೇ ಪ್ರಮಾಣದಲ್ಲಿ ಹೀರುತ್ತವೆಂದು ನಂಬುವಂತಿಲ್ಲ, ರೆಸಿಮೇಟಿನಿಂದ ತಾಳೆ ನೋಡಬೇಕು.

ಇಂಥದ್ದೇ ಇನ್ನೊಂದು ಕೈರಲ್ ಕಾರಕವಾದ ಮೋಷರ್ ಕಾರಕ ಬಳಸುವವರಿಗೆ ಒಂದು ಮಾತು (ಆರ್, ಎಸ್ ಎಂಬುವು ಎರಡು ಪ್ರತಿಬಿಂಬ ರೂಪಗಳ ಹೆಸರುಗಳು): ಆರ್ ಆಮ್ಲದಿಂದ ತಯಾರಾದ ಆಮ್ಲಕ್ಲೋರೈಡಿನ ಹೆಸರು ಎಸ್ ಆಗುತ್ತದೆ. ಅಣುವಿನಲ್ಲಿ ಏನೂ ತಿರುಗಿರುವುದಿಲ್ಲ. ಕ್ಲೋರಿನ್ ಬಂದದ್ದರಿಂದ ಹೆಸರಿಡುವ ನಿಯಮದಲ್ಲಿ ಗುಂಪುಗಳ ಆದ್ಯತೆ ಬದಲಾಗುತ್ತದೆ ಅಷ್ಟೇ. ಬಾಟಲಿಯ ಮೇಲಿನ ಅಕ್ಷರವನ್ನು ನೋಡಿ ತಲೆಕೆಳಗಾದ ನಿರ್ಣಯಕ್ಕೆ ಬಂದವರು ಕಡಿಮೆಯಿಲ್ಲ.

ರಕ್ತಮಾದರಿ ವಿಭಾಗ:

ಔಷಧಗಳ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಗಡಿಯಾರ ಓಡಲಾರಂಭಿಸುವುದು ರಕ್ತ ಸೂಜಿಯಿಂದ ಹೊರಬಂದ ಕ್ಷಣದಿಂದಲೇ. ಥ್ಯಾಲಿಡೊಮೈಡಿನ ಎರಡು ರೂಪಗಳು ದೇಹದ ಪಿಎಚ್‌ನಲ್ಲಿ ಕೆಲವೇ ಗಂಟೆಗಳ ಅರ್ಧಾಯುಷ್ಯದಿಂದ ಪರಸ್ಪರ ಬದಲಾಗುತ್ತವೆ. ರಕ್ತವನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿಬಂದರೆ ನಾವು ಅಳೆಯುವುದು ರೋಗಿಯ ದೇಹವನ್ನಲ್ಲ, ಟ್ಯೂಬನ್ನು. ಆದ್ದರಿಂದ ಸಂಗ್ರಹಿಸಿದ ಕೂಡಲೇ ಆಮ್ಲೀಯ ಸಿಟ್ರೇಟ್ ಬಫರ್ ಬೆರೆಸಿ ಶೈತ್ಯದಲ್ಲಿ ಇಡುತ್ತಾರೆ. ಆಕ್ಸಜೆಪಾಮ್ ಇನ್ನೂ ಆತುರದ್ದು; ಅದರ ರೂಪಗಳು ದೇಹದ ಉಷ್ಣತೆಯ ಜಲೀಯ ದ್ರಾವಣದಲ್ಲಿ ನಿಮಿಷಗಳ ಲೆಕ್ಕದಲ್ಲಿ ಬೆರೆತುಹೋಗುತ್ತವೆ.

ಐಬುಪ್ರೊಫೇನ್ ಸ್ವತಃ ಟ್ಯೂಬಿನಲ್ಲಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ದೇಹದಲ್ಲಿ ಕಿಣ್ವಗಳ ನೆರವಿನಿಂದ ಆರ್ ರೂಪ ಎಸ್ ಆಗುತ್ತದೆ. ಆದರೆ ಈ ಗುಂಪಿನ ಔಷಧಗಳು ದೇಹದಲ್ಲಿ ಅಸೈಲ್ ಗ್ಲುಕುರೊನೈಡುಗಳಾಗುತ್ತವೆ. ಪಿಎಚ್ ಸ್ವಲ್ಪ ಪ್ರತ್ಯಾಮ್ಲೀಯವಾದರೂ ಅವು ಒಡೆದು ಮೂಲ ಔಷಧವನ್ನು ಬಿಡುತ್ತವೆ. ಎರಡು ರೂಪಗಳ ಗ್ಲುಕುರೊನೈಡುಗಳು ಡಯಾಸ್ಟೀರಿಯೋಮರುಗಳಾದ್ದರಿಂದ ಒಡೆಯುವ ವೇಗವೂ ಬೇರೆ. ಇಲ್ಲಿಯೂ ಪರಿಹಾರ ಆಮ್ಲ ಮತ್ತು ಶೈತ್ಯವೇ.

ಪ್ರೋಟೀನನ್ನು ಬೇರ್ಪಡಿಸುವ ಹಂತವನ್ನು ಹೆಚ್ಚಿನವರು ಯಾಂತ್ರಿಕವಾಗಿ ಮಾಡುತ್ತಾರೆ. ನಮ್ಮ ರಕ್ತದಲ್ಲಿರುವ ಆಲ್ಫಾ-1 ಆಮ್ಲ ಗ್ಲೈಕೋಪ್ರೋಟೀನನ್ನೇ ಸಿಲಿಕಾಗೆ ಕಟ್ಟಿ ಕೈರಲ್ ಕಾಲಂ ತಯಾರಿಸುತ್ತಾರೆ ಎಂಬುದನ್ನು ನೆನಪಿಸಿಕೊಂಡರೆ, ಪ್ಲಾಸ್ಮಾದಲ್ಲಿಯೂ ಅದು ಒಂದು ರೂಪವನ್ನು ಇನ್ನೊಂದಕ್ಕಿಂತ ಬಿಗಿಯಾಗಿ ಹಿಡಿದಿರುತ್ತದೆ ಎಂಬುದು ತಾನಾಗಿಯೇ ಹೊಳೆಯುತ್ತದೆ. ಅರೆಬರೆ ಬೇರ್ಪಡಿಕೆಯಲ್ಲಿ ಬಿಗಿಯಾಗಿ ಹಿಡಿದ ರೂಪ ಗಸಿಯೊಂದಿಗೆ ಹೋಗಿಬಿಡುತ್ತದೆ.

ಆಂತರಿಕ ಮಾನಕವಾಗಿ ಡ್ಯೂಟೀರಿಯಂ ಸೇರಿಸಿದ ರೆಸಿಮೇಟನ್ನೇ ಬಳಸಿ. ಎರಡು ರೂಪಗಳು ಬೇರೆಬೇರೆ ಹೊತ್ತಿಗೆ ಹೊರಬರುತ್ತವೆ, ಆ ಆ ಹೊತ್ತಿಗೆ ಜೊತೆಗೆ ಹೊರಬರುವ ಪ್ಲಾಸ್ಮಾದ ಕಶ್ಮಲಗಳೂ ಬೇರೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಂದರ ಸಂಕೇತ ಕುಗ್ಗಿ ಇನ್ನೊಂದರದು ಕುಗ್ಗದಿದ್ದರೆ, ಇಲ್ಲದ ಇ.ಇ. ಕಾಣಿಸಿಕೊಳ್ಳುತ್ತದೆ. ಪ್ರತಿ ರೂಪಕ್ಕೂ ಅದರದೇ ಜೊತೆಗಾರ ಇದ್ದಾಗ ಮಾತ್ರ ಇದು ಸರಿಹೋಗುತ್ತದೆ.

ಜಲಪರೀಕ್ಷಕಿ:

ಕೊಳಚೆ ನೀರಿನ ಮಾದರಿಗಳಲ್ಲಿ ಈ ಕೆಲಸವನ್ನು ಸೂಕ್ಷ್ಮಾಣುಜೀವಿಗಳು ಮಾಡುತ್ತವೆ. ಅವುಗಳ ಕಿಣ್ವಗಳು ಕೈರಲ್ ಆದ್ದರಿಂದ ಕಳೆನಾಶಕವಾಗಲಿ ಔಷಧವಾಗಲಿ, ಒಂದು ರೂಪವನ್ನು ಮೊದಲು ತಿನ್ನುತ್ತವೆ. ಬಾಟಲಿ ಪ್ರಯೋಗಾಲಯ ತಲುಪುವ ಹೊತ್ತಿಗೆ ಅನುಪಾತ ನದಿಯದ್ದಾಗಿ ಉಳಿದಿರುವುದಿಲ್ಲ. ಸ್ಥಳದಲ್ಲಿಯೇ ಸೋಸಿ, 4 ಡಿಗ್ರಿಯಲ್ಲಿ ಕತ್ತಲಲ್ಲಿ ಸಾಗಿಸಿ, ಆದಷ್ಟು ಬೇಗ ಘನಪ್ರಾವಸ್ಥೆಯ ಕಾರ್ಟ್ರಿಜ್‌ಗೆ ಹಿಡಿಸುವುದು ನಮ್ಮ ಕ್ರಮ. ಪ್ರತಿ ಬಾರಿಯೂ ಗೊತ್ತಿರುವ ರೆಸಿಮೇಟನ್ನು ಅದೇ ನೀರಿಗೆ ಬೆರೆಸಿ, ಅದೇ ದಾರಿಯಲ್ಲಿ ಒಯ್ದು, ಕೊನೆಗೆ 50ಕ್ಕೆ 50 ಬರುತ್ತದೆಯೇ ಎಂದು ನೋಡುತ್ತೇವೆ.

ಹಿರಿಯ ವಿಶ್ಲೇಷಕ:

ಜಲಪರೀಕ್ಷಕಿಯವರ ಕೊನೆಯ ವಾಕ್ಯವನ್ನು ಮೂಲ ಪ್ರಶ್ನೆ ಕೇಳಿದವರು ಹಾಗೆಯೇ ಅನುಸರಿಸಬಹುದು, ಒಂದು ಸೇರ್ಪಡೆಯೊಂದಿಗೆ. ನಿಮ್ಮ ಮಾದರಿಯಲ್ಲಿ ಭಯವಿರುವುದು ರೆಸಿಮೀಕರಣದ್ದು, ಮತ್ತು ರೆಸಿಮೇಟ್ ಎಷ್ಟು ರೆಸಿಮೀಕರಣಗೊಂಡರೂ ರೆಸಿಮೇಟೇ. ಅದು 50ಕ್ಕೆ 50 ಬಂದಿತೆಂದು ಸಮಾಧಾನಪಟ್ಟರೆ ಮೋಸಹೋಗುತ್ತೀರಿ. ರೆಸಿಮೇಟ್ ಹಿಡಿದುಕೊಡುವುದು ಒಂದು ರೂಪ ಮಾತ್ರ ನಷ್ಟವಾಗುವ ತಪ್ಪನ್ನು. ರೂಪಾಂತರದ ತಪ್ಪನ್ನು ಹಿಡಿಯಲು ಶುದ್ಧ ರೂಪವೂ ಅದೇ ದಾರಿಯಲ್ಲಿ ನಡೆದುಬರಬೇಕು. ನಿಮ್ಮ 99ರ ಸೂಜಿಗಳು ಇದಕ್ಕೆ ಯೋಗ್ಯ. ಎರಡನ್ನೂ ಸಿಲಿಕಾದಿಂದ ಹಿಡಿದು ವಯಲಿನವರೆಗೆ ಕರೆತನ್ನಿ.

ಸಂಶೋಧನಾರ್ಥಿ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಸಲಹೆಗಳನ್ನೂ ಪಾಲಿಸಿದೆ, ಫಲಿತಾಂಶಗಳನ್ನು ಇದ್ದಂತೆಯೇ ಇಡುತ್ತೇನೆ.

ರೆಸಿಮೇಟ್ ಸಿದ್ಧವಾಯಿತು, ಎರಡು ಪೀಕುಗಳ ವಿಸ್ತೀರ್ಣ ಸಮವಾಗಿದೆ, ಚಿಕ್ಕ ಪೀಕಿನ ಬಗ್ಗೆ ನನ್ನ ಊಹೆ ಸರಿಯಾಗಿತ್ತು. ಎರಡನೆಯ ತಯಾರಿಕೆಯನ್ನು ಅಮೀನ್ ಇಲ್ಲದೆ ಹೊಸದಾಗಿ ಕರಗಿಸಿ, ಅಮೀನ್ ಕಾಣದ ಕಾಲಂನಲ್ಲಿ ಓಡಿಸಿದಾಗ ಇ.ಇ. 94. ಅಮೀನ್ ಸಹಿತ ವಯಲಿನಲ್ಲಿ ಆರಂಭಕ್ಕೆ 94, 24 ಗಂಟೆಗೆ 91, 48 ಗಂಟೆಗೆ 88. ಲಾಗರಿಥಮ್ ರೇಖೆ ನೇರವಾಗಿದೆ. ಆ ವೇಗದಲ್ಲಿ ಇ.ಇ. ಅರ್ಧವಾಗಲು ಸುಮಾರು 21 ದಿನ ಬೇಕು. ನಿಧಾನವೆಂದೇ ಹೇಳಬೇಕು, ಆದರೂ ಎರಡು ರಜಾದಿನಗಳು ಸಾಕಾದವು. ಅಮೀನ್ ಇಲ್ಲದ ವಯಲಿನಲ್ಲಿ 48 ಗಂಟೆಯ ನಂತರವೂ 94 ಉಳಿದಿದೆ.

ಮೊದಲ ತಯಾರಿಕೆಯ ಅಂಚಿನ ಟ್ಯೂಬುಗಳನ್ನು ಪುಣ್ಯಕ್ಕೆ ಚೆಲ್ಲಿರಲಿಲ್ಲ. ಮುಂದಿನ ಟ್ಯೂಬಿನಲ್ಲಿ 97, ಬಾಲದ ಟ್ಯೂಬಿನಲ್ಲಿ 86. ಎಲ್ಲವನ್ನೂ ನಡುವಿನವುಗಳೊಂದಿಗೆ ಸೇರಿಸಿ ಕರಗಿಸಿ ಅಳೆದರೆ ಅಲ್ಲಿಯೂ 94. ಹೀಗಾಗಿ ಎರಡು ತಯಾರಿಕೆಗಳ ನಡುವೆ ವ್ಯತ್ಯಾಸವೇ ಇಲ್ಲ, ವೇಗವರ್ಧಕ ಎರಡು ಬಾರಿಯೂ ಒಂದೇ ಕೆಲಸ ಮಾಡಿದೆ.

ಸೂಜಿಗಳನ್ನೂ ರೆಸಿಮೇಟನ್ನೂ ಸಿಲಿಕಾದಿಂದ ವಯಲಿನವರೆಗೆ ನಡೆಸಿಕೊಂಡು ಬಂದೆ. ಒಂದು 99ರಲ್ಲಿಯೇ ಉಳಿಯಿತು, ಇನ್ನೊಂದು 50ಕ್ಕೆ 50. ಒಂದು ವಿಷಯ ಮಾತ್ರ ಸ್ಪಷ್ಟವಾಗಿಲ್ಲ. ಇಡೀ ತಯಾರಿಕೆಯ ಇ.ಇ. 94 ಎಂಬುದನ್ನು ಕಾಲಂ ಮೇಲಿನ ಒಂದೇ ಅಳತೆಯನ್ನು ನಂಬದೆ ಬೇರೊಂದು ಕಡೆಯಿಂದ ಪರೀಕ್ಷಿಸುವ ದಾರಿ ಇದೆಯೇ?

ಸ್ಫಟಿಕ ಕೆಲಸದವಳು:

ಇದೆ, ಮತ್ತು ಅದಕ್ಕೆ ಬೇಕಾದುದು ತಕ್ಕಡಿ ಮತ್ತು ನೀವು ಬಹುಶಃ ಚೆಲ್ಲಲು ಹೊರಟಿರುವ ತಾಯಿದ್ರಾವಣ. ತೂಕ ಮಾಡಿದ ಒಂದಷ್ಟು ಪದಾರ್ಥವನ್ನು ಸ್ಫಟಿಕೀಕರಿಸಿ, ಹರಳುಗಳನ್ನು ಪೂರ್ತಿಯಾಗಿ ಸೋಸಿ ತೂಗಿ, ತಾಯಿದ್ರಾವಣವನ್ನು ಆರಿಸಿ ಅದನ್ನೂ ತೂಗಿ, ಎರಡರ ಇ.ಇ.ಯನ್ನೂ ಅಳೆಯಿರಿ. ಪ್ರತಿಯೊಂದರ ತೂಕವನ್ನು ಅದರ ಇ.ಇ.ಯಿಂದ ಗುಣಿಸಿ ಕೂಡಿ ಒಟ್ಟು ತೂಕದಿಂದ ಭಾಗಿಸಿದರೆ ಮೂಲದ ಇ.ಇ. ಮರಳಿ ಸಿಗಬೇಕು. ಸಿಗದಿದ್ದರೆ ಎಲ್ಲೋ ಒಂದು ರೂಪ ಸೋರಿದೆ ಅಥವಾ ಬದಲಾಗಿದೆ.

ಸಂಶೋಧನಾರ್ಥಿ:

ಮಾಡಿದೆ. 500 ಮಿಲಿಗ್ರಾಂ ತೆಗೆದುಕೊಂಡಿದ್ದೆ. ಹರಳು 380 ಮಿಲಿಗ್ರಾಂ, ಇ.ಇ. 99. ತಾಯಿದ್ರಾವಣದಿಂದ ಸಿಕ್ಕಿದ್ದು 120 ಮಿಲಿಗ್ರಾಂ, ಇ.ಇ. 78. ಲೆಕ್ಕ ಹಾಕಿದರೆ 93.96 ಬರುತ್ತದೆ. ವಿಧಾನದ ಹಾಳೆಯಿಂದ ಡೈಈಥೈಲ್ ಅಮೀನ್ ಎಂಬ ಸಾಲನ್ನು ತೆಗೆದು, ಕರಗಿಸಿದ ಹೊತ್ತು ಮತ್ತು ಚುಚ್ಚಿದ ಹೊತ್ತು ಬರೆಯಲು ಎರಡು ಹೊಸ ಅಂಕಣಗಳನ್ನು ಸೇರಿಸಿದ್ದೇನೆ.